ಕಬ್ಬಿಣ ಬೇಡ ಎನ್ನುತ್ತಿದ್ದ ಮೇಡಂ

ಭೂಕಂಪಕ್ಕೆ ಕಾರಣವಾಗಬಲ್ಲ ನೆಲದಡಿಯ ಬಿರುಕುಗಳನ್ನು ಹುಡುಕಲು ಬಂದ ಸರ್ವೆ ಮೇಡಂ ಕಾಯ್ಕಿಣಿಯ ನಮ್ಮ ಮನೆಯ ಮಾಳಿಗೆಯಲ್ಲಿದ್ದರು. ನೆಲದ ಕಾಂತಶಕ್ತಿ ಅಳೆಯುವ ಯಂತ್ರ ಹೊರುವ ಮೊದಲು ಹೇರ್‌ಪಿನ್ನು, ಬೀಗದಕೈ ಎಲ್ಲವನ್ನೂ ಕಿಟಕಿಯಲ್ಲಿಟ್ಟು, "ಕಬ್ಬಿಣ ಬೇಡ" ಎಂದು ತಮಗೇ ಹೇಳಿಕೊಳ್ಳುವರು.

ಒಂದು ದಿನ ಗುಡ್ಡದಲ್ಲಿ ತೆಗೆದ ಅಳತೆಯೆಲ್ಲ ತಪ್ಪಿಹೋಯಿತು. ಸಂಜೆ ನೋಡಿದರೆ ಅವರ ಚೀಲದ ತಳದಲ್ಲಿ ಒಂದು ದಪ್ಪ ಮೊಳೆ.

"ಒಬ್ಳೇ ಗುಡ್ಡಕ್ಕೆ ಹೋಗ್ತಿ ತಂಗಿ, ಗಾಳಿಗೀಳಿ ಸೋಕೂದು ಬೇಡ ಹೇಳಿ ನಾನೇ ಇಟ್ಟೆ," ಎಂದರು ನಮ್ಮ ಅತ್ತೆ. ಅವರ ಮುಖ ಬಾಡಿತ್ತು. "ಈಗ ಎಂತ ಮಾಡೂದು?"

"ನಾಳೆ ಮತ್ತೆ ನಡೆದರಾಯ್ತು, ಅಮ್ಮ."

ಮರುದಿನ ಹೊರಟ ಮೇಡಂ ಬಾಗಿಲಲ್ಲಿ ನಿಂತು ಅತ್ತೆಯತ್ತ ಕೈ ಚಾಚಿದರು. "ತಾಮ್ರದ್ದು ಏನಾದರೂ ಇದ್ದರೆ ಕೊಡಿ ಅಮ್ಮ. ಅದಕ್ಕೆ ಯಂತ್ರದ ತಕರಾರಿಲ್ಲ."