ನಾಲ್ಕನೇ ಸುತ್ತು

ಆಗತಾನೇ ಆರಿಸಿದ ಮೇಣದಬತ್ತಿಯ ಹೊಗೆ ನಿಮಗೆ ಏನನ್ನು ನೆನಪಿಸುತ್ತದೋ ಗೊತ್ತಿಲ್ಲ. ನನಗಂತೂ ಹಸಿವನ್ನು. ಯಲ್ಲಾಪುರದ ನಮ್ಮ ಮನೆಯಲ್ಲಿ ಸಂಜೆಯ ಜಪಮಾಲೆ ಮುಗಿದು ಅಮ್ಮ ಬತ್ತಿ ಆರಿಸುವವರೆಗೆ ಯಾರ ತಟ್ಟೆಗೂ ಅನ್ನ ಬೀಳುತ್ತಿರಲಿಲ್ಲ. ನಿನ್ನೆ ನಾನೇ ಬತ್ತಿ ಆರಿಸಿದಾಗಲೂ ಹೊಟ್ಟೆ ಚುರುಗುಟ್ಟಿತು. ನನಗೆ ಭಕ್ತಿ ಎಷ್ಟು ಬಂತೋ ದೇವರೇ ಬಲ್ಲ, ಹಸಿವು ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತದೆ.

ನಮ್ಮ ಕ್ರೈಸ್ತರ ಜಪಮಾಲೆಯೆಂದರೆ ಹತ್ತು ಮಣಿಗಳ ಐದು ಸುತ್ತು, ಮಣಿಗೊಂದು ಪ್ರಾರ್ಥನೆ. ಅಮ್ಮ ಅದನ್ನು ಗದ್ದೆ ಪಾಲು ಮಾಡಿದ ಹಾಗೆ ನಮಗೆಲ್ಲ ಹಂಚಿದ್ದಳು. ಅವರವರ ಸುತ್ತನ್ನು ಅವರವರೇ ಮುಂದಾಗಿ ಹೇಳಬೇಕು, ಉಳಿದವರು ದನಿಗೂಡಿಸಬೇಕು. ನಾಲ್ಕನೆಯದು ಅಪ್ಪನದು. ಅಪ್ಪ ಲಾರಿ ಡ್ರೈವರ್. ಅರ್ಧ ಬದುಕು ಅಂಕೋಲೆಯ ದಾರಿಯಲ್ಲೇ ಹೋಯಿತು. ಅವನಿಲ್ಲದ ಸಂಜೆ ನಾಲ್ಕನೇ ಸುತ್ತು ಬಂದರೆ ಅಮ್ಮ ಸುಮ್ಮನಾಗುತ್ತಿದ್ದಳು. ಅವಳ ಕೈಯಲ್ಲಿ ಮಣಿ ಮಾತ್ರ ಸರಿಯುತ್ತಿತ್ತು. ಅಷ್ಟು ಹೊತ್ತೂ ನಾವು ಕಮಕ್ ಕಿಮಕ್ ಎನ್ನುವಂತಿಲ್ಲ. ಅವರು ಲಾರಿಯಲ್ಲಿ ಹೇಳುತ್ತಿರುತ್ತಾರೆ ಎಂಬುದು ಅವಳ ವಾದ. ಹೌದಾ ಎಂದು ಒಮ್ಮೆ ಅಪ್ಪನನ್ನೇ ಕೇಳಿದೆ.

"ಅರಬೈಲ್ ಘಟ್ಟ ಇಳಿಯುವಾಗ ಹೇಳ್ದೇ ಇರುವವ್ರು ಯಾರಿದ್ರು ಮಗಾ?" ಎಂದ.

ಅಪ್ಪ ತೀರಿಕೊಂಡ ಮೇಲೆ ಆ ಸುತ್ತು ನನ್ನ ಮಗಳಿಗೆ ಬಂತು. ಚಿಕ್ಕವಳಿದ್ದಾಗ, ಇಗರ್ಜಿಯಲ್ಲಿ ಮೊದಲ ಪರಮಪ್ರಸಾದ ತೆಗೆದುಕೊಂಡ ವರ್ಷ, ಅದೆಷ್ಟು ಗತ್ತಿನಿಂದ ಹೇಳುತ್ತಿದ್ದಳು! ಈಗ ಹತ್ತನೇ ತರಗತಿ. ಜೂನ್‌ನಲ್ಲಿ ಒಂದು ಸಂಜೆ, "ದಿನಾ ಅದೇ ಅದೇ ಹೇಳೂಕೆ ಬೇಜಾರು. ನಾ ಬರೂದಿಲ್ಲ," ಎಂದು ಕೋಣೆಯ ಬಾಗಿಲು ಹಾಕಿಕೊಂಡಳು. ನಮ್ಮ ಮನೆಮಾತು ಕೊಂಕಣಿ. ಜಗಳಕ್ಕೆ ಮಾತ್ರ ಅವಳಿಗೆ ಕನ್ನಡವೇ ಆಗಬೇಕು.

ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಅಪ್ಪ ಅಮ್ಮನಿಂದ ಬಂದದ್ದು ನನ್ನ ಕೈಯಲ್ಲೇ ನಿಂತುಹೋದರೆ? ಹೋಗಲಿ ಬಿಡು, ಆ ಸುತ್ತನ್ನೂ ನಾವೇ ಹೇಳಿದರಾಯಿತು ಎಂದರು ಗಂಡ. ನಾನು ಒಪ್ಪಲಿಲ್ಲ. ಎಳೆದು ತಂದು ಕೂರಿಸಿದರೆ ಮೊಣಕಾಲು ಬಗ್ಗೀತು, ಮನಸ್ಸು ಬಗ್ಗೀತೇ? ಹಾಗಂತ ಅವಳ ಪಾಲನ್ನು ಅಳಿಸುವುದೂ ಇಲ್ಲ. ಪ್ರತಿ ಸಂಜೆ ನಾಲ್ಕನೇ ಸುತ್ತಿಗೆ ಬಾಯಿ ಮುಚ್ಚಿ ಮಣಿ ಸರಿಸಿದೆ. ಹೊರಗೆ ಹೆದ್ದಾರಿಯಲ್ಲಿ ಲಾರಿಗಳ ಸದ್ದು, ಒಳಗೆ ಮುಚ್ಚಿದ ಬಾಗಿಲು. ಮಳೆಗಾಲವೆಲ್ಲ ಹೀಗೇ ಕಳೆಯಿತು. ಹಠಕ್ಕೆ ನಾನೂ ಅಮ್ಮನ ಮಗಳೇ.

ನಿನ್ನೆ ಹಸಿದಿದ್ದೆ ಎಂದೆನಲ್ಲ, ಮಣಿಗಳನ್ನು ಸ್ವಲ್ಪ ಓಡಿಸಿಯೇ ಮುಗಿಸಿದ್ದೆ. ಬತ್ತಿ ಆರಿಸಿ ಬಡಿಸಲು ನಿಂತಾಗ ಮಗಳು ಮುಖ ಊದಿಸಿಕೊಂಡು ಬಂದು ಕುಳಿತಳು.

"ಎಂತಾ ಗಡಿಬಿಡಿ ಮಮ್ಮಿ ನಿಂದು? ನಂದು ಮುಗಿಯೂ ಮೊದ್ಲೇ ಐದನೇದು ಶುರು ಮಾಡ್ಬಿಟ್ಟೆ."

ಏನಾದರೂ ಅಂದರೆ ಎಲ್ಲಿ ಹಾಳಾಗುತ್ತದೋ ಎಂದು ಅವಳ ತಟ್ಟೆಗೆ ಸಾರು ಬಡಿಸಿದೆ.

ಇವತ್ತೂ ಬಾಗಿಲು ಮುಚ್ಚಿಯೇ ಇತ್ತು. ಮೂರನೇ ಸುತ್ತು ಮುಗಿಯಿತು. ಮಣಿ ಸರಿಸುವುದನ್ನು ಬಿಟ್ಟು ಬಾಗಿಲ ಕಡೆ ಕಿವಿಗೊಟ್ಟು ಕುಳಿತೆ. ಅನ್ನ ಆರಿದರೆ ಆರಲಿ.