ಎಡಗಾಲು, ಬಲಗಾಲು ಮತ್ತು ಅಕ್ಕನ ಪಾಸು

ಮೊನ್ನೆ ಝೆರಾಕ್ಸ್ ಅಂಗಡಿಯಲ್ಲಿ ಆಧಾರ್ ಕಾರ್ಡ್ ಲ್ಯಾಮಿನೇಟ್ ಮಾಡಿಸುವಾಗ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಕಾಮೋಠೆಯ ನಮ್ಮ ಎದುರು ಫ್ಲ್ಯಾಟಿನ ಅಕ್ಕ ನೆನಪಾದರು...

ಉಡುಪಿ ಕಡೆಯವರು, ಒಂಟಿ ಜೀವ. ಚಿಕ್ಕಂದಿನಲ್ಲೇ ಪೋಲಿಯೋ ಬಂದು ಅವರ ಎಡಗಾಲು ಸೊರಗಿತ್ತು. ಭಾನುವಾರ ನನ್ನ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಇಬ್ಬರೂ ವಾಶಿಯ ಮಾಲ್‌ಗೆ ಸಾಮಾನು ತರಲು ಹೋಗುತ್ತಿದ್ದೆವು. ಅಲ್ಲಿ ಲಿಫ್ಟಿನ ಪಕ್ಕ ಗಾಲಿಕುರ್ಚಿಯ ಚಿತ್ರ ಬರೆದ ಎರಡು ಪಾರ್ಕಿಂಗ್ ಜಾಗಗಳಿದ್ದವು. ಅಂಗವೈಕಲ್ಯದ ಸರ್ಟಿಫಿಕೇಟ್ ತೋರಿಸಿದರೆ ಮಾಲ್‌ನವರು ಪಾಸು ಕೊಡುತ್ತಿದ್ದರು. ಆ ಸರ್ಟಿಫಿಕೇಟಿಗಾಗಿ ಅಕ್ಕ ಸರ್ಕಾರಿ ಆಸ್ಪತ್ರೆಗೆ ಮೂರು ಸಲ ಅಲೆದರು. ಮೊದಲ ಸಲ ಫೋಟೋ ಕಡಿಮೆ, ಎರಡನೇ ಸಲ ಡಾಕ್ಟರು ರಜೆ, ಮೂರನೇ ಸಲ ಕಾರಿಡಾರಿನುದ್ದಕ್ಕೂ ನಡೆಸಿ ನೋಡಿದರು. ಕೊನೆಗೂ ಸಿಕ್ಕಿದ ಪಾಸನ್ನು ಲ್ಯಾಮಿನೇಟ್ ಮಾಡಿಸಿ ನನ್ನ ಕಾರಿನಲ್ಲಿಟ್ಟು, "ನಾನಿದ್ದಾಗ ಮಾತ್ರ, ಆಯ್ತಾ?" ಎಂದಿದ್ದರು.

ಚೌತಿಯ ಹಿಂದಿನ ದಿನ ನಾನೊಬ್ಬನೇ ಹೋದೆ. ಮೂರು ಸುತ್ತು ಹೊಡೆದರೂ ಜಾಗವಿಲ್ಲ. ಪಾಸು ಕಣ್ಣಿಗೆ ಬಿತ್ತು... ಗಾಜಿನ ಹಿಂದೆ ಇಟ್ಟು ಇಳಿದೆ. ವಾಚ್‌ಮ್ಯಾನ್ ದಿಟ್ಟಿಸಿ ನೋಡಿದ. ನನಗೇ ತಿಳಿಯದಂತೆ ಕುಂಟತೊಡಗಿದೆ. ಲಿಫ್ಟಿನವರೆಗೂ ಕುಂಟಿದೆ. ಬರುವಾಗಲೂ ಎರಡೂ ಕೈಯಲ್ಲಿ ಚೀಲ ಹಿಡಿದು ನಿಷ್ಠೆಯಿಂದ ಕುಂಟಿದೆ.

"ಸಾಬ್, ಹೋಗುವಾಗ ಎಡಗಾಲಿತ್ತು," ಎಂದ ಅವನು ಹಿಂದಿಯಲ್ಲಿ. "ಈಗ ಬಲಗಾಲು!"

ಪಾಸು ಕಿತ್ತುಕೊಂಡ.

ಅಕ್ಕನ ಬಾಗಿಲು ತಟ್ಟಲು ನನಗೆ ಎರಡು ದಿನ ಬೇಕಾಯಿತು. ಎಲ್ಲ ಕೇಳಿ ಅವರು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, "ನಾನು ಮೂರು ಸಲ ಹೋಗಿ ನಡೆದು ತೋರಿಸಿ ತಗೊಂಡದ್ದು ಮಾರಾಯ. ನೀನು ಒಂದೇ ಸಲ ಕುಂಟಿ ಕಳೆದೆಯಲ್ಲ!" ಎಂದರು.

ಆ ಭಾನುವಾರ ಮಾಲ್‌ನ ಆಫೀಸಿಗೆ ಹೋದೆವು. ನನ್ನ ಕಾರಿನ ಗುರುತು ಹಿಡಿದ ವಾಚ್‌ಮ್ಯಾನ್ ಲಿಫ್ಟಿನ ಹತ್ತಿರಕ್ಕೂ ಬಿಡಲಿಲ್ಲ. ದೂರದ ಗೇಟಿನಿಂದ ಅಕ್ಕ ಕಂಬಕಂಬಕ್ಕೂ ನಿಂತು ಉಸಿರೆಳೆದುಕೊಳ್ಳುತ್ತ ನಡೆದರು. ಪಕ್ಕದಲ್ಲಿ ನನ್ನ ಎರಡು ಗಟ್ಟಿ ಕಾಲುಗಳು...

ಮ್ಯಾನೇಜರ್ ಎದುರು ತಪ್ಪೊಪ್ಪಿಕೊಂಡು ಬರೆದುಕೊಟ್ಟೆ. ಅಕ್ಕ ಗಂಭೀರವಾಗಿ, "ಇವನಿಗೂ ಒಂದು ಪಾಸು ಕೊಡಿ ಸಾಹೇಬರೇ, ಎರಡೂ ಕಾಲು ಹೋಗಿವೆ," ಎಂದರು ಮರಾಠಿಯಲ್ಲಿ. ಮ್ಯಾನೇಜರಿಗೆ ನಗು ತಡೆಯಲಾಗಲಿಲ್ಲ. ಹೊಸ ಪಾಸು ನೇರ ಅಕ್ಕನ ಪರ್ಸಿಗೆ ಸೇರಿತು. ಮತ್ತೆಂದೂ ನನ್ನ ಕಾರಿನಲ್ಲಿ ಉಳಿಯಲಿಲ್ಲ.

ಅಕ್ಕ ತೀರಿಕೊಂಡು ಆರು ವರ್ಷವಾಯಿತು. ಆ ಫ್ಲ್ಯಾಟಿನಲ್ಲಿ ಈಗ ಬೇರೆಯವರಿದ್ದಾರೆ, ಒಳ್ಳೆಯವರೇ. ಭಾನುವಾರ ಕಾರು ಸ್ಟಾರ್ಟ್ ಮಾಡಿದ ಮೇಲೂ, ಪಕ್ಕದ ಸೀಟಿನ ಬಾಗಿಲು ತೆರೆಯುವ ಸದ್ದಿಗಾಗಿ ಸ್ವಲ್ಪ ಹೊತ್ತು ಕಾಯುತ್ತೇನೆ. ಆಮೇಲೆ ಗೇರು ಹಾಕುತ್ತೇನೆ.