ಮಲ್ಲಿಗೆಗೆ ಎಷ್ಟು ಗಂಟೆ ದಾರಿ

ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಲು ಕಾಯುತ್ತ ಕೂತಿದ್ದೇನೆ. ತೊಡೆಯ ಮೇಲೆ ಬಾಳೆಲೆಯ ಪೊಟ್ಟಣ. ಟೊರಾಂಟೊದಲ್ಲಿರುವ ತಂಗಿಗೆ ನಾಳೆ ಸೀಮಂತ. ಅವಳು ಊರಿಂದ ಕೇಳಿದ್ದು ಮಲ್ಲಿಗೆಯೊಂದನ್ನೇ.

ಬೆಳಿಗ್ಗೆ ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಹೂವಿನ ಸೆಲ್ವಿಯಮ್ಮನಿಗೆ, ತಂಗಿಯಿರುವ ಟೊರಾಂಟೊ ಹದಿಮೂರು ಸಾವಿರ ಕಿಲೋಮೀಟರ್ ದೂರ ಎಂದು ಜಂಬದಿಂದಲೇ ಹೇಳಿದೆ.

"ಕಿಲೋಮೀಟರ್ ಬೇಡ ಸಾರ್, ಎಷ್ಟು ಗಂಟೆ ಹೇಳಿ. ಅದರ ಮೇಲೆ ಮೊಗ್ಗು ಆರಿಸ್ಬೇಕು."

ಟಿಕೆಟ್ ನೋಡಿದೆ. ಬೆಳಿಗ್ಗೆ ಹತ್ತಕ್ಕೆ ಹೊರಟು ರಾತ್ರಿ ಎಂಟಕ್ಕೆ ಇಳಿಯುವುದು. "ಹತ್ತು ಗಂಟೆ" ಎಂದೆ.

ಅವರು ನಕ್ಕುಬಿಟ್ಟರು. "ಲಂಡನ್ನಿಗೇ ಅಷ್ಟಾಗುತ್ತೆ. ಅಲ್ಲಿ ಗಡಿಯಾರ ಹಿಂದೆ ಇರುತ್ತಲ್ಲ, ಅದನ್ನೂ ಸೇರಿಸ್ಬೇಕು. ನಿಮ್ದು ಇಪ್ಪತ್ತು ಗಂಟೆ ದಾರಿ."

ವಿಮಾನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದ ನನಗೆ ಇದು ಹೊಳೆದಿರಲಿಲ್ಲ. ಅವರು ವಿಮಾನ ಹತ್ತುವವರಿಗೆ ಹೂ ಕಟ್ಟಿಕೊಟ್ಟೇ ಕಲಿತಿದ್ದರು. ನಾನು ಆರಿಸಿದ್ದ ದಪ್ಪ ಮೊಗ್ಗುಗಳನ್ನೆಲ್ಲ ಬುಟ್ಟಿಗೆ ವಾಪಸ್ ಸುರಿದು, ಇನ್ನೂ ಹಸಿರು ಬಿಡದ ಎಳೆ ಮೊಗ್ಗುಗಳನ್ನು ಕಟ್ಟಿ, ಒದ್ದೆ ಬಟ್ಟೆ ಸುತ್ತಿ ಬಾಳೆಲೆಯಲ್ಲಿಟ್ಟರು.

"ದಾರೀಲಿ ಬಿಚ್ಚಬೇಡಿ ಸಾರ್. ಘಮ ಬಂದ್ರೆ ಅರಳ್ಬಿಡ್ತು ಅಂತ ಅರ್ಥ. ತಂಗಿ ಮನೆ ಸೇರಿದ್ಮೇಲೆ ಅರಳ್ಲಿ."

ಇಲ್ಲಿನ ಗೋಡೆ ಗಡಿಯಾರದಲ್ಲಿ ಸಂಜೆ ನಾಲ್ಕು. ಇನ್ನೂ ತಿರುಗಿಸದ ನನ್ನ ಕೈಗಡಿಯಾರದಲ್ಲಿ ಏಳೂವರೆ. ಬೆಂಗಳೂರಿನಲ್ಲಿ ಇಷ್ಟು ಹೊತ್ತಿಗೆ ಮಲ್ಲಿಗೆಯೆಲ್ಲ ಅರಳಿ ಬೀದಿಯೇ ಘಮಘಮ ಎನ್ನುತ್ತಿರುತ್ತದೆ. ತಡೆಯಲಾರದೆ ಪೊಟ್ಟಣವನ್ನು ಮೂಗಿನ ಹತ್ತಿರ ಹಿಡಿದೆ.

ಬರೀ ಬಾಳೆಲೆಯ ವಾಸನೆ. ಪುಣ್ಯಾತ್ಗಿತ್ತಿ!